‘ವಾಕಿಂಗ್ ಮಾಡಿ’ ಅಂದ್ರು, ಎಷ್ಟು ಅಂತ ಕೇಳಿದ್ರಾ?

ಡಾಕ್ಟರ ಚೀಟಿ ಇಲ್ಲದ ಬ್ಯಾರಿ ಮನೆ ಈಗ ಹುಡುಕಿದರೂ ಸಿಗುವುದು ಕಷ್ಟ. ಉಮ್ಮನಿಗೆ ಸಕ್ಕರೆ, ಬಾಪನಿಗೆ ಬಿಪಿ, ಅಂಗಡಿ ನೋಡಿಕೊಳ್ಳುವ ಅಣ್ಣನಿಗೆ ಎರಡೂ. ಆ ಚೀಟಿಯನ್ನು ಒಮ್ಮೆ ತೆಗೆದು ನೋಡಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಊಟಕ್ಕೆ ಮೊದಲೋ ನಂತರವೋ, ಎಷ್ಟು ದಿನ, ಎಲ್ಲವೂ ಬರೆದಿರುತ್ತದೆ. ಕೊನೆಗೆ ಡಾಕ್ಟರು ಬಾಯಿಮಾತಲ್ಲಿ ಒಂದು ಹೇಳುತ್ತಾರೆ: “ವಾಕಿಂಗ್ ಮಾಡ್ರಿ.” ನಾವು ಹೂಂ ಅಂತೇವೆ, ಎದ್ದು ಬರ್ತೇವೆ. ಎಷ್ಟು ಹೊತ್ತು? ಎಷ್ಟು ಜೋರು? ವಾರಕ್ಕೆ ಎಷ್ಟು ದಿನ? ಯಾವಾಗ ನಿಲ್ಲಿಸಬೇಕು? ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ನಾವೂ ಸಕ್ಕರೆಯವರೇ. ಕರಾವಳಿಯಿಂದ ಘಟ್ಟ ಹತ್ತಿ ದಾವಣಗೆರೆಗೆ ಬಂದು ಮಕ್ಕಳಿಗೆ ಓದಿಸುತ್ತಾ ಕೂತವರು. ಕೂತು ಕೂತೇ ಬಂದ ಕಾಯಿಲೆ ಇದು ಅಂದರೆ ತಪ್ಪಲ್ಲ. ಹಾಗಾಗಿ ಈ ಮಾತನ್ನು ಇನ್ನೊಬ್ಬರಿಗೆ ಉಪದೇಶವಾಗಿ ಬರೆಯುತ್ತಿಲ್ಲ. ನಮ್ಮ ಸುತ್ತಲೇ ಎರಡು ಸಂಗತಿ ನಡೆದವು. ಅವನ್ನು ನೋಡಿದ ಮೇಲೆ ನಾಲ್ಕು ಕಡೆ ಕೇಳಿ, ಓದಿ ತಿಳಿದುಕೊಂಡದ್ದು ಇದು.

ಒಬ್ಬರು ಕೂತರು, ಒಬ್ಬರು ಓಡಿದರು

ಹರಿಹರದಲ್ಲಿ ನಮ್ಮ ಪರಿಚಯದ ಒಬ್ಬ ಹಿರಿಯರಿದ್ದಾರೆ. ಪ್ರಾಯ 63. ನಲವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ಅಂದಿನಿಂದ ಮನೆಯವರು ಅವರನ್ನು ಗಾಜಿನ ಲೋಟದ ಹಾಗೆ ನೋಡಿಕೊಂಡರು. ಮೆಟ್ಟಿಲು ಹತ್ತಬಾರದು, ಚೀಲ ಹಿಡಿಯಬಾರದು, ಮಸೀದಿಗೂ ಬೈಕಿನಲ್ಲೇ. ಪ್ರೀತಿಯಿಂದಲೇ ಮಾಡಿದ್ದು. ಆದರೆ ವರ್ಷ ಕಳೆಯುವಾಗ ಕಾಕ ಇನ್ನೂ ಇಳಿದು ಹೋದರು. ನಾಲ್ಕು ಹೆಜ್ಜೆಗೆ ಏದುಸಿರು, ಹೊಟ್ಟೆ ಬಂತು, ಸಕ್ಕರೆ ಏರಿತು. ಅವರಿಗೆ ಒಂದೇ ಆಸೆ, ಹಜ್ಜ್. ಮಕ್ಕಳಿಗೆ ಒಂದೇ ಹೆದರಿಕೆ, ಅಷ್ಟು ನಡೆಯಲು ಆದೀತಾ?

ಇನ್ನೊಬ್ಬ ದಾವಣಗೆರೆಯಲ್ಲಿ ಅಂಗಡಿ ಇಟ್ಟಿರುವ ಯುವಕ, 38 ವರ್ಷ. ಸಕ್ಕರೆ ಇದೆ, ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾನೆ. ಮೊಬೈಲಿನಲ್ಲಿ ಯಾರದೋ ರೀಲ್ಸ್ ನೋಡಿ, ಒಂದು ಬೆಳಗ್ಗೆ ಮಾತ್ರೆ ತಗೊಂಡು ಖಾಲಿ ಹೊಟ್ಟೆಯಲ್ಲಿ ಕುಂದವಾಡ ಕೆರೆಯ ಏರಿ ಮೇಲೆ ಓಡಲು ಶುರು ಮಾಡಿದ. ಅರ್ಧ ಗಂಟೆಯಲ್ಲಿ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ವಾಕಿಂಗಿಗೆ ಬಂದಿದ್ದ ಒಬ್ಬ ಅಜ್ಜಿ ಬಾಯಿಗೆ ಬೆಲ್ಲ ಹಾಕಿದರು, ಉಳಿದ. ಈಗ ಅವನು “ವ್ಯಾಯಾಮ ನಮಗೆ ಆಗಿಬರುವುದಿಲ್ಲ ಉಸ್ತಾದ್” ಅಂತಾನೆ.

ಇಬ್ಬರ ತಪ್ಪೂ ಒಂದೇ. ವ್ಯಾಯಾಮವೂ ಒಂದು ಮದ್ದು, ಮದ್ದಿಗೆ ಅಳತೆ ಉಂಟು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರು ಮದ್ದನ್ನೇ ಬಿಟ್ಟರು, ಇನ್ನೊಬ್ಬ ಒಂದೇ ಸಲಕ್ಕೆ ಸೀಸೆಯನ್ನೇ ಕುಡಿದ.

ಹೆದರಿಕೆ ಎಲ್ಲಿಂದ ಬಂತು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡರು. ವ್ಯಾಯಾಮ ಮಾಡಿದ ಬೆಳಗ್ಗೆಯೇ ಎದೆನೋವು ಬಂತು ಎಂಬ ಸುದ್ದಿ ಇಡೀ ರಾಜ್ಯವನ್ನು ನಡುಗಿಸಿತು. ಮುಂದಿನ ದಿನಗಳಲ್ಲಿ ಜಯದೇವ ಆಸ್ಪತ್ರೆಗೆ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳು ಸುದ್ದಿಯಾದಾಗಲೂ ಹಾಗೆಯೇ, ಮೈಸೂರಿನ ಜಯದೇವದ ಮುಂದೆ ಸಾಲು. ಸರಕಾರದ ಸಮಿತಿ ಪರಿಶೀಲಿಸಿ ಹೃದಯಾಘಾತ ದಿಢೀರನೆ ಏರಿದ್ದಲ್ಲ ಎಂದಿತು. ಸಕ್ಕರೆ, ಬಿಪಿ, ತಂಬಾಕಿನಂಥ ಹಳೆಯ ಕಾರಣಗಳತ್ತಲೇ ಅದು ಬೊಟ್ಟು ಮಾಡಿತು. ತೀರಿಕೊಂಡವರಲ್ಲಿ ದಿನವಿಡೀ ಕೂತು ದುಡಿಯುವ ಆಟೊ, ಟ್ಯಾಕ್ಸಿ ಚಾಲಕರೂ ಇದ್ದರು.

ಕೂತು ದುಡಿಯುವವರ ಲೆಕ್ಕ ಹಳೆಯದು. ಲಂಡನ್ನಿನ ವೈದ್ಯ ಜೆರಿ ಮಾರಿಸ್ ಅಲ್ಲಿನ ಎರಡು ಅಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ 1953ರಲ್ಲಿ ವರದಿ ಪ್ರಕಟಿಸಿದರು. ದಿನವಿಡೀ ಕೂರುವ ಡ್ರೈವರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಒಂದೇ ಬಸ್ಸು, ಒಂದೇ ರಸ್ತೆ. ವ್ಯತ್ಯಾಸ ಕಾಲಿನದ್ದು.

ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಬಿಡದ ಕಾಲವೂ ಇತ್ತು. 1952ರಲ್ಲಿ ಅಮೆರಿಕದ ವೈದ್ಯರಾದ ಲಿವೈನ್ ಮತ್ತು ಲೌನ್ ಅಂಥವರನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿ ನೋಡಿದರು. ಕೇಡಾಗಲಿಲ್ಲ, ಒಳ್ಳೆಯದೇ ಆಯಿತು. ಇಂದು ಹೃದಯಾಘಾತದ ನಂತರ ಅಳತೆಯ ವ್ಯಾಯಾಮ ಚಿಕಿತ್ಸೆಯ ಭಾಗ. ಅದರಿಂದ ಹೃದ್ರೋಗದ ಸಾವೂ, ಮತ್ತೆ ಆಸ್ಪತ್ರೆ ಸೇರುವುದೂ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಹರಿಹರದ ಕಾಕನ ಮನೆಯಲ್ಲಿ ಮಾತ್ರ ಇನ್ನೂ 1950ರ ಮೊದಲಿನ ಚಿಕಿತ್ಸೆಯೇ ನಡೆಯುತ್ತಿತ್ತು!

ಮೊದಲು ಅಳೆಯುವುದು

ಕೊನೆಗೆ ಮಕ್ಕಳು ಕಾಕನನ್ನು 14 ಕಿ.ಮೀ. ದೂರದ ದಾವಣಗೆರೆಗೆ ಹೃದಯ ತಜ್ಞರಲ್ಲಿಗೆ ಕರೆತಂದರು. ನಾವೂ ಜೊತೆಗಿದ್ದೆವು. ಡಾಕ್ಟರು ಎಕೋ ನೋಡಿ, ಟಿಎಂಟಿ ಅಂದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸೋಣ ಅಂದರು. ಕಾಕನ ಮುಖ ಬಿಳುಚಿತು. “ಓಡಿಸ್ತಾರಂತೆ ಉಸ್ತಾದ್, ಅಲ್ಲೇ ಹೋಗಿಬಿಟ್ಟರೆ?” ನಿಮ್ಮಲ್ಲೂ ಹಲವರಿಗೆ ಈ ಹೆದರಿಕೆ ಇರಬಹುದು. ಹಾಗಾಗಿ ಕಂಡದ್ದನ್ನು ಹೇಳುತ್ತೇವೆ.

ಎದೆಯ ಮೇಲೆ ಇಸಿಜಿಯ ವಯರು ಅಂಟಿಸುತ್ತಾರೆ, ತೋಳಿಗೆ ಬಿಪಿ ಪಟ್ಟಿ ಕಟ್ಟುತ್ತಾರೆ. ಉರುಳುವ ಪಟ್ಟಿಯ ಮೇಲೆ ನಡೆಯಬೇಕು. ಹೆಚ್ಚಾಗಿ ಬಳಸುವ ಕ್ರಮಕ್ಕೆ ಅಮೆರಿಕದ ವೈದ್ಯ ರಾಬರ್ಟ್ ಬ್ರೂಸ್ ಅವರ ಹೆಸರಿದೆ. ಮೂರು ಮೂರು ನಿಮಿಷಕ್ಕೆ ಒಂದು ಹಂತ. ಮೊದಲ ಹಂತ ಗಂಟೆಗೆ 2.7 ಕಿ.ಮೀ., ಅಂದರೆ ನಿಧಾನ ನಡಿಗೆ, ಆದರೆ ಏರಿನಲ್ಲಿ. ಎರಡನೆಯದು ಗಂಟೆಗೆ 4 ಕಿ.ಮೀ., ಏರು ಇನ್ನಷ್ಟು ಹೆಚ್ಚು. ಪರದೆಯ ಮೇಲೆ ಹೃದಯದ ಗೆರೆಯನ್ನು ನೋಡುತ್ತಲೇ ಇರುತ್ತಾರೆ. ಗೆರೆ ಬದಲಾದರೆ, ಬಿಪಿ ಇಳಿದರೆ, ಎದೆ ಹಿಡಿದರೆ ನಿಲ್ಲಿಸುತ್ತಾರೆ. ಸಾಕು ಅಂದರೂ ನಿಲ್ಲಿಸುತ್ತಾರೆ.

ಕಾಕ ಎರಡು ಹಂತ ಮುಗಿಸಿದರು. ಆರು ನಿಮಿಷ. ಗೆರೆ ಕೆಡಲಿಲ್ಲ. ಡಾಕ್ಟರು ಅಂದರು: “ಸಾಹೇಬ್ರೇ, ನಿಮ್ಮ ಹೃದಯ ಸುಮಾರು 7 ಮೆಟ್ ಕೆಲಸ ತಡೀತು.”

ಈ ‘ಮೆಟ್’ ಎಂಬುದು ಒಂದು ಅಳತೆ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವುದು 1 ಮೆಟ್. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 4ರಿಂದ 5 ಕಿ.ಮೀ. ವೇಗದಲ್ಲಿ ನಡೆದರೆ 3ರಿಂದ 3.5 ಮೆಟ್. ಅಂದರೆ 7 ತಡೆದ ಮನುಷ್ಯನಿಗೆ ಆ ನಡಿಗೆ ಅವನ ಶಕ್ತಿಯ ಅರ್ಧ ಮಾತ್ರ. ಪರೀಕ್ಷೆಯಿಂದ ಅಳತೆ ಬರುವುದು ಹೀಗೆ. ಎರಡು ವರ್ಷ ಕೂತಿದ್ದ ಕಾಕನಿಗೆ ಆ ಒಂದು ಸಂಖ್ಯೆ ಮಾತ್ರೆಗಿಂತ ಹೆಚ್ಚು ಧೈರ್ಯ ಕೊಟ್ಟಿತು.

ಆದರೆ ಎರಡು ಮಾತು ನೆನಪಿರಲಿ. ಟಿಎಂಟಿ ಸರಿ ಇದ್ದರೆ ಇನ್ನು ಹೃದಯಾಘಾತ ಆಗುವುದೇ ಇಲ್ಲ ಎಂಬ ಗ್ಯಾರಂಟಿ ಅಲ್ಲ. ಗೆರೆ ವ್ಯತ್ಯಾಸವಾದರೆ ಬ್ಲಾಕ್ ಇದ್ದೇ ಇದೆ ಅಂತಲೂ ಅಲ್ಲ, ಮುಂದಿನ ಪರೀಕ್ಷೆ ಬೇಕು ಅಂತ ಅರ್ಥ. ಎದೆನೋವು ಇರುವಾಗ ಮಾಡಿಸುವ ಪರೀಕ್ಷೆಯೂ ಇದಲ್ಲ, ಆಗ ನೇರ ತುರ್ತು ಚಿಕಿತ್ಸೆಗೇ ಹೋಗಬೇಕು. ಪರೀಕ್ಷೆಗೆ ಹೋಗುವಾಗ ಹೊಟ್ಟೆ ತುಂಬ ತಿನ್ನಬೇಡಿ. ದಿನದ ಮಾತ್ರೆ ತಗೋಬೇಕಾ ಬೇಡವಾ ಎಂದು ಮೊದಲೇ ಕೇಳಿ. ಸಡಿಲ ಬಟ್ಟೆ, ಶೂ ಇರಲಿ. ಹೆಂಗಸರು ಮಹಿಳಾ ಸಿಬ್ಬಂದಿ ಬೇಕೆಂದು ಮುಂಚೆಯೇ ಹೇಳಿ, ಸಂಕೋಚ ಬೇಡ.

ಹಾಗಂತ ಮನೆ ಸುತ್ತ ನಡೆಯಲು ಎಲ್ಲರೂ ಟಿಎಂಟಿ ಮಾಡಿಸಬೇಕಾಗಿಲ್ಲ. ಯಾವ ತೊಂದರೆಯೂ ಇಲ್ಲದವರು ನಿಧಾನ ನಡಿಗೆಯಿಂದ ಶುರು ಮಾಡಬಹುದು. ಹೃದಯದ ಕಾಯಿಲೆ, ಸಕ್ಕರೆ, ಕಿಡ್ನಿ ತೊಂದರೆ ಇದ್ದವರು, ನಡೆದಾಗ ಎದೆ ಬಿಗಿಯುವವರು, ಬಹುಕಾಲ ಕೂತಿದ್ದು ಈಗ ಓಟ, ಜಿಮ್ ಅಂತ ಹೊರಟವರು ಮೊದಲು ಡಾಕ್ಟರನ್ನು ಕೇಳಬೇಕು.

ಉಸಿರಿನ ಕಾಯಿಲೆಯವರಿಗೆ ಇನ್ನೂ ಸರಳವಾದ ಅಳತೆ ಉಂಟು. ದಾವಣಗೆರೆ ಮಂಡಕ್ಕಿಗೆ ಹೆಸರಾದ ಊರು. ಭಟ್ಟಿಯ ಹೊಗೆಯಲ್ಲಿ ದುಡಿದವರು, ಬೀಡಿ ಸೇದಿದವರು ಕೆಮ್ಮುತ್ತಾ ಮೂಲೆ ಹಿಡಿದಿರುವುದನ್ನು ನಾವು ನೋಡುತ್ತೇವೆ. ಅವರಿಗೆ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡುತ್ತಾರೆ. 30 ಮೀಟರ್ ಉದ್ದದ ಜಗಲಿಯಲ್ಲಿ ಆ ಕಡೆ ಈ ಕಡೆ ಆರು ನಿಮಿಷ ನಡೆಯುವುದು, ಸುಸ್ತಾದರೆ ನಿಲ್ಲುವುದು, ಮತ್ತೆ ನಡೆಯುವುದು. ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಇರುತ್ತದೆ. ಎಷ್ಟು ಮೀಟರ್ ನಡೆದರೋ ಅದೇ ಅವರ ಅಳತೆ. ಎರಡು ತಿಂಗಳು ಅಭ್ಯಾಸ ಮಾಡಿಸಿ ಮತ್ತೆ ಅಳೆದರೆ ಫರಕು ಕಾಣುತ್ತದೆ. ಅಂಥವರು ಒಂದೇ ಸಮನೆ ನಡೆಯಬೇಕಾಗಿಲ್ಲ. ಎರಡು ನಿಮಿಷ ನಡೆದು, ಒಂದು ನಿಮಿಷ ನಿಂತು, ತುಟಿ ಕಿರಿದು ಮಾಡಿ ನಿಧಾನ ಉಸಿರು ಬಿಟ್ಟು ಮತ್ತೆ ಹೊರಡಬಹುದು.

ಚೀಟಿಯಲ್ಲಿ ನಾಲ್ಕು ಸಾಲು

ಕಾಕನಿಗೆ ಡಾಕ್ಟರು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ವಾರಕ್ಕೆ ಐದು ದಿನ. ಮೊದಲ ಎರಡು ವಾರ ಬೆಳಗ್ಗೆ 10 ನಿಮಿಷ, ಸಂಜೆ 10 ನಿಮಿಷ. ಆಮೇಲೆ ವಾರಕ್ಕೆ ಐದೈದು ನಿಮಿಷ ಹೆಚ್ಚಿಸುವುದು. ಶುರುವಿಗೂ ಕೊನೆಗೂ ಐದು ನಿಮಿಷ ತೀರಾ ನಿಧಾನ. 12 ವಾರಕ್ಕೆ ಮತ್ತೆ ಬರಬೇಕು. ಎಷ್ಟು ದಿನ, ಎಷ್ಟು ಜೋರು, ಎಷ್ಟು ಹೊತ್ತು, ಯಾವ ಬಗೆ: ವ್ಯಾಯಾಮದ ಚೀಟಿ ಅಂದರೆ ಈ ನಾಲ್ಕು ಸಾಲು.

‘ಎಷ್ಟು ಜೋರು’ ಎಂಬುದೇ ಎಲ್ಲರಿಗೂ ಗೊಂದಲ. 220ರಿಂದ ಪ್ರಾಯ ಕಳೆದರೆ ನಾಡಿಯ ಮೇಲಿನ ಮಿತಿ ಅಂದಾಜಿಗೆ ಸಿಗುತ್ತದೆ. 60 ವರ್ಷದವರಿಗೆ 160. ಮಧ್ಯಮ ವ್ಯಾಯಾಮಕ್ಕೆ ಅದರ ಶೇ. 64ರಿಂದ 76, ಅಂದರೆ ನಿಮಿಷಕ್ಕೆ ಸುಮಾರು 102ರಿಂದ 122 ಬಡಿತ. ಆದರೆ ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರ ನಾಡಿ ಅಷ್ಟಾಗಿ ಏರುವುದಿಲ್ಲ, ಅವರಿಗೆ ಈ ಲೆಕ್ಕ ಹಿಡಿಯುವುದಿಲ್ಲ. ಅದಕ್ಕೆ ಸುಲಭ ದಾರಿ ಬಾಯಿಯ ಪರೀಕ್ಷೆ. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಬೈತ್ ಹಾಡಲು ಆಗಬಾರದು. ಹಾಡಲು ಆಗುತ್ತದೆ ಅಂದರೆ ನಡಿಗೆ ಸಾಲದು. ಮಾತೇ ಹೊರಡುವುದಿಲ್ಲ ಅಂದರೆ ಹೆಚ್ಚಾಯಿತು.

‘ಎಷ್ಟು ಹೊತ್ತು’ ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಕ್ಕೆ. ಸ್ನಾಯು ಅಂದರೆ ಜಿಮ್ಮೇ ಆಗಬೇಕೆಂದಿಲ್ಲ. ಗಟ್ಟಿ ಕುರ್ಚಿಯಲ್ಲಿ ಕೂತು ಕೈ ಊರದೆ ಹತ್ತು ಸಲ ಏಳಿ. ಗೋಡೆಗೆ ಕೈಯಿಟ್ಟು ದೇಹವನ್ನು ತಳ್ಳಿ. ನೀರು ತುಂಬಿದ ಬಾಟಲಿ ಎತ್ತಿ. ಬಿಪಿ ಇದ್ದವರು ಉಸಿರು ಬಿಗಿಹಿಡಿದು ಭಾರ ಎತ್ತಬೇಡಿ. ಸಕ್ಕರೆಯಿಂದ ಕಣ್ಣಿನ ಪರದೆಗೆ ಪೆಟ್ಟಾದವರು ಭಾರ ಎತ್ತುವ ಮೊದಲು ಕಣ್ಣಿನ ಡಾಕ್ಟರನ್ನು ಕೇಳಿ.

ಸಕ್ಕರೆಯವರ ಲೆಕ್ಕ

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ಹೆಚ್ಚು. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಅಂಥ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಮೂರು ವರ್ಷದಷ್ಟು ಕಾಲ ಗಮನಿಸಿ 2006ರಲ್ಲಿ ವರದಿ ಕೊಟ್ಟರು. ಊಟದ ಹಿಡಿತ ಮತ್ತು ನಡಿಗೆಯಿಂದ ಮಧುಮೇಹಕ್ಕೆ ಜಾರುವ ಅಪಾಯ ಶೇ. 28.5 ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆಯಿಂದ ಕಡಿಮೆಯಾದದ್ದು ಶೇ. 26.4. ನಡಿಗೆ ಮತ್ತು ಪಥ್ಯ ಸೇರಿ ಮಾತ್ರೆಗೆ ಸಮನಾಗಿ ನಿಂತವು, ಅದೂ ನಮ್ಮ ದಕ್ಷಿಣದ ಜನರ ದೇಹದಲ್ಲಿ.

ಕಾರಣ ಸರಳ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಗುಣ ಒಂದೆರಡು ದಿನ ಉಳಿಯುತ್ತದೆ, ಆಮೇಲೆ ಇಳಿಯುತ್ತದೆ. ಹಾಗಾಗಿ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದು. ಭಾನುವಾರ ಒಂದೇ ದಿನ ಎರಡು ಗಂಟೆ ನಡೆದು ವಾರವಿಡೀ ಕೂತರೆ ಅದೇ ಫಲ ಸಿಗದು. ನ್ಯೂಜಿಲೆಂಡಿನ 2016ರ ಒಂದು ಅಧ್ಯಯನದಲ್ಲಿ, ದಿನಕ್ಕೊಮ್ಮೆ 30 ನಿಮಿಷ ನಡೆದವರಿಗಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಹೆಚ್ಚು ಇಳಿಯಿತು. ರಾತ್ರಿಯೂಟದ ನಂತರವಂತೂ ಇನ್ನೂ ಚೆನ್ನಾಗಿ. ರಾತ್ರಿ ಹತ್ತಕ್ಕೆ ಬಿರಿಯಾನಿ ತಿಂದು ನೇರ ಹಾಸಿಗೆಗೆ ಹೋಗುವ ನಮ್ಮವರು ಇದನ್ನು ಗಮನಿಸಬೇಕು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯವರಿಗೆ ಎಚ್ಚರಿಕೆ: ಮಾತ್ರೆ ತಗೊಂಡು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಸಕ್ಕರೆ 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದು ಹೊರಡಿ. 70ಕ್ಕಿಂತ ಇಳಿದರೆ ನಡಿಗೆ ಬೇಡ, ಮೊದಲು ಸಿಹಿ. ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಲಿ. ಚಪ್ಪಲಿ ಬಿಟ್ಟು ಶೂ ಹಾಕಿ, ಮನೆಗೆ ಬಂದು ಕಾಲಿನ ಅಡಿ ನೋಡಿಕೊಳ್ಳಿ. ಕೆರೆ ಏರಿಯಲ್ಲಿ ಕುಸಿದ ಹುಡುಗನಿಗೆ ಈ ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಅವನು ಇಂದಿಗೂ ನಡೆಯುತ್ತಿದ್ದ.

ನಮ್ಮಲ್ಲಿ ಕೇಳಿಬರುವ ಎರಡು ಮಾತು

“ಐದು ಹೊತ್ತು ನಮಾಝ್ ಮಾಡ್ತೇವಲ್ಲ, ಅದೇ ವ್ಯಾಯಾಮ ಸಾಕು.” ನಮಾಝ್ ಇಬಾದತ್. ಅದನ್ನು ವ್ಯಾಯಾಮದ ತಕ್ಕಡಿಯಲ್ಲಿಟ್ಟು ತೂಗುವುದು ಬೇಡ. ದೇಹದ ಲೆಕ್ಕದಲ್ಲಿ ಅದು ಹಗುರ ಚಟುವಟಿಕೆ, ಡಾಕ್ಟರು ಹೇಳುವ ಮಧ್ಯಮ ಮಟ್ಟಕ್ಕೆ ಅದು ಮುಟ್ಟುವುದಿಲ್ಲ. ಆದರೆ ಮಸೀದಿಯ ದಾರಿ ಮುಟ್ಟಬಹುದು. ಮನೆಯಿಂದ ಮಸೀದಿ 600 ಮೀಟರ್ ಇದ್ದರೆ, ಎರಡು ಹೊತ್ತು ಬೈಕ್ ಬಿಟ್ಟು ಚುರುಕಾಗಿ ನಡೆದರೆ ದಿನಕ್ಕೆ 2.4 ಕಿ.ಮೀ. ಆಯಿತು. ರಮಝಾನ್‌ನಲ್ಲಿ ತರಾವೀಹ್‌ನ ಶ್ರಮವನ್ನು ಸಕ್ಕರೆ ತಜ್ಞರೂ ದಿನದ ಚಟುವಟಿಕೆಯ ಲೆಕ್ಕಕ್ಕೆ ಸೇರಿಸುತ್ತಾರೆ. ಆದ್ದರಿಂದ ಆ ತಿಂಗಳು ಅಳತೆಯನ್ನು ಡಾಕ್ಟರಲ್ಲಿ ಬೇರೆಯಾಗಿ ಕೇಳಬೇಕು. ಇಫ್ತಾರ್‌ಗೆ ಸ್ವಲ್ಪ ಮೊದಲು ಬೆವರು ಸುರಿಸುವ ವ್ಯಾಯಾಮ ಸಕ್ಕರೆಯವರಿಗೆ ಒಳ್ಳೆಯದಲ್ಲ.

“ಹೆಂಗಸರಿಗೆ ಮನೆಕೆಲಸವೇ ಸಾಕು.” ಮನೆಕೆಲಸದಲ್ಲಿ ದಣಿವು ಉಂಟು, ನಿಜ. ಆದರೆ ಒಲೆಯ ಮುಂದೆ ನಿಂತೇ ಇರುವುದರಿಂದ ಹೃದಯಕ್ಕೆ ಬೇಕಾದ ವೇಗ ಸಿಗುವುದಿಲ್ಲ. 2024ರ ಅಂತಾರಾಷ್ಟ್ರೀಯ ವರದಿಯೊಂದರ ಪ್ರಕಾರ ಭಾರತದಲ್ಲಿ ಸಾಕಷ್ಟು ಚಟುವಟಿಕೆ ಇಲ್ಲದ ಗಂಡಸರು ಶೇ. 42, ಹೆಂಗಸರು ಶೇ. 57. ಗಂಡಸರು ಕೆರೆ ಏರಿಗೆ, ಗಾಜಿನ ಮನೆ ಕಡೆಗೆ ಹೋಗುತ್ತೇವೆ. ಉಮ್ಮಂದಿರು ಎಲ್ಲಿಗೆ ಹೋಗಬೇಕು? ಮಾಳಿಗೆ ಉಂಟು, ಅಂಗಳ ಉಂಟು, ನಾಲ್ಕು ಮನೆಯ ಹೆಂಗಸರು ಒಟ್ಟಾಗಿ ಹೊರಟರೆ ರಸ್ತೆಯೂ ಉಂಟು. ಆ ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳುವುದು ಗಂಡಸರ ಪಾಲಿನ ಕೆಲಸ.

ಅಳತೆ ನೋಡಿ ವ್ಯಾಯಾಮ ಎಂಬುದು ಹೊಸದಾಗಿ ಬಂದ ಮಾತೂ ಅಲ್ಲ. ಸಾವಿರ ವರ್ಷದ ಹಿಂದೆ ಇಬ್ನು ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ವ್ಯಾಯಾಮದ ಬಗೆಗಳನ್ನು, ಅದನ್ನು ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಬಿಡಿಸಿ ಬರೆದಿದ್ದಾರೆ.

ಯಾವಾಗ ನಿಲ್ಲಿಸಬೇಕು

ನಡೆಯುವಾಗ ಎದೆ ಬಿಗಿದರೆ, ನೋವು ಎಡತೋಳಿಗೋ ದವಡೆಗೋ ಹರಿದರೆ, ತಣ್ಣನೆ ಬೆವರು, ತಲೆಸುತ್ತು, ಎಂದಿಲ್ಲದ ಏದುಸಿರು ಬಂದರೆ ಅಲ್ಲೇ ನಿಂತುಬಿಡಿ. ‘ಗ್ಯಾಸ್’ ಅಂತ ಸೋಡಾ ಕುಡಿದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಡಾ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲೇ 2024ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ಹಲವು ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಉಂಟು, ಎರಡು ಮೆಡಿಕಲ್ ಕಾಲೇಜು ಉಂಟು. ದಾರಿ ದೂರವಿಲ್ಲ, ತಡ ಮಾಡುವುದು ನಾವೇ.

ಹರಿಹರದ ಕಾಕ ಈಗ ಹತ್ತನೇ ವಾರದಲ್ಲಿದ್ದಾರೆ. ಸುಬ್‌ಹಿ ಮುಗಿಸಿ ತುಂಗಭದ್ರೆಯ ಕಡೆಗೆ ನಡೆಯುತ್ತಾರೆ, ಮೊಮ್ಮಗ ಗಡಿಯಾರ ಹಿಡಿದು ಜೊತೆಗೆ. ಸಫಾ ಮರ್ವಾ ನಡುವೆ ಏಳು ಸಲ ನಡೆದರೆ ಮೂರು ಕಿ.ಮೀ.ಗೂ ಮಿಕ್ಕಿ ಆಗುತ್ತದೆ. ಕಳೆದ ವಾರ ಅಷ್ಟು ದೂರವನ್ನು ಎರಡು ಕಡೆ ಕೂತು, ಎದೆನೋವಿಲ್ಲದೆ ಮುಗಿಸಿದರಂತೆ. ಅಲ್ಲಿನ ಬಿಸಿಲು ಬೇರೆ, ಜನಸಂದಣಿ ಬೇರೆ. ಹೋಗಬಹುದೇ ಎಂಬುದನ್ನು ಮರುಪರೀಕ್ಷೆ ನೋಡಿ ಡಾಕ್ಟರು ಹೇಳುತ್ತಾರೆ. ಆದರೆ ಎರಡು ವರ್ಷ ಬೈಕಿನ ಹಿಂದೆ ಕೂತು ಮಸೀದಿಗೆ ಬರುತ್ತಿದ್ದ ಮನುಷ್ಯ ಈಗ ಸ್ವಂತ ಕಾಲಲ್ಲಿ ಬರುತ್ತಾರೆ. ಬೈಕಿನ ಮಗನೂ ಹಿಂದೆಯೇ ನಡೆದು ಬರುತ್ತಾನೆ.

ಮುಂದಿನ ಸಲ ಡಾಕ್ಟರು “ವಾಕಿಂಗ್ ಮಾಡ್ರಿ” ಅಂದಾಗ ಎದ್ದು ಬರಬೇಡಿ. ಚೀಟಿಯನ್ನು ತಿರುಗಿಸಿ ಮುಂದಿಡಿ: “ಎಷ್ಟು ದಿನ, ಎಷ್ಟು ಹೊತ್ತು, ಎಷ್ಟು ಜೋರು, ಯಾವಾಗ ನಿಲ್ಲಿಸಬೇಕು, ಇದರಲ್ಲೇ ಬರೆದುಕೊಡಿ ಡಾಕ್ಟ್ರೇ.” ಕೇಳಿದರೆ ಬರೆದುಕೊಡುತ್ತಾರೆ. ನಾವು ಕೇಳಿದೆವು, ನಮಗೂ ಬರೆದುಕೊಟ್ಟರು.